ನಾಲ್ಕು ಗುಂಟೆ ನೆರಳು

ಮಧುಮೇಹ, ರಕ್ತದೊತ್ತಡ, ಮಂಡಿನೋವು ಎಂದು ವೈದ್ಯರ ಬಳಿಗೆ ಹೋದವರೆಲ್ಲರೂ ಔಷಧದ ಚೀಟಿಯ ಜೊತೆಗೆ ಒಂದು ಮಾತನ್ನೂ ಹೊತ್ತು ತರುತ್ತಾರೆ: ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಮಾತು ಸರಿಯಾದದ್ದೇ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಕಾಲ ಸಾಧಾರಣ ಶ್ರಮದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಮಠಕ್ಕೆ ಬರುವ ಭಕ್ತರನ್ನು, ಅದರಲ್ಲಿಯೂ ಹಿರಿಯರನ್ನು ಮತ್ತು ತಾಯಂದಿರನ್ನು, ಈ ಸಲಹೆಯನ್ನು ಪಾಲಿಸುತ್ತಿದ್ದೀರಾ ಎಂದು ಕೇಳಿದರೆ ಅವರ ಉತ್ತರವೂ ಒಂದು ಪ್ರಶ್ನೆಯೇ ಆಗಿರುತ್ತದೆ: "ಎಲ್ಲಿ ನಡೆಯೋಣ ಹೇಳಿ?"

ಇದನ್ನು ನೆಪವೆಂದು ತಳ್ಳಿಹಾಕುವುದು ಸುಲಭ. ನಮ್ಮ ಭಾಗದ ಸಣ್ಣ ಪಟ್ಟಣಗಳ ಬೀದಿಗಳನ್ನು ಕಣ್ಣಾರೆ ಕಂಡವರಿಗೆ ಅದು ನೆಪವೆನಿಸುವುದಿಲ್ಲ. ಮನೆಯ ಮುಂದಿನ ರಸ್ತೆಗೆ ಪಾದಚಾರಿ ಮಾರ್ಗವಿಲ್ಲ. ಇರುವ ಕಡೆ ಅದರ ಮೇಲೆ ಅಂಗಡಿಯ ಸಾಮಾನು, ನಿಲ್ಲಿಸಿದ ವಾಹನ. ಊರಾಚೆಗೆ ಹೋದರೆ ಲಾರಿಗಳ ಧೂಳು. ಬೆಳಗಿನ ಜಾವ ಹೊರಟರೆ ಬೀದಿನಾಯಿಗಳ ಭಯ, ಮುಸ್ಸಂಜೆ ಹೊರಟರೆ ಕತ್ತಲೆಯ ಭಯ. ಎರಡು ನಿಮಿಷ ಕುಳಿತು ಸುಧಾರಿಸಿಕೊಳ್ಳಲು ಒಂದು ಕಲ್ಲೂ ಇಲ್ಲದ ದಾರಿಯಲ್ಲಿ ಮಂಡಿನೋವಿನವರು ಅರ್ಧ ಗಂಟೆ ನಡೆಯುವುದಾದರೂ ಹೇಗೆ? ಚೀಟಿಯಲ್ಲಿ ಬರೆದ ಮಾತ್ರೆಯನ್ನು ಔಷಧದ ಅಂಗಡಿಯಲ್ಲಿ ಕೊಳ್ಳಬಹುದು. ಅದೇ ಚೀಟಿಯಲ್ಲಿ ಬರೆದ ನಡಿಗೆಗೆ ಬೇಕಾದ ಜಾಗವನ್ನು ಊರೇ ಒದಗಿಸಬೇಕು.

ಆದುದರಿಂದ ಈ ತಿಂಗಳು ಆಹಾರ, ಔಷಧಗಳನ್ನು ಬದಿಗಿಟ್ಟು ಊರೊಳಗಿನ ಪುಟ್ಟ ಹಸಿರು ತಾಣಗಳ ವಿಚಾರವನ್ನು ಭಕ್ತಬಾಂಧವರ ಮುಂದಿಡುತ್ತಿದ್ದೇವೆ. ಇಂತಹ ತಾಣಕ್ಕೆ ಬಂದವರ ಮನಸ್ಸು ತೃಪ್ತಿಗೊಳ್ಳುವುದು ಯಾವುದರಿಂದ? ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ತಾಣದ ವಿಸ್ತಾರದಿಂದಲ್ಲ, ಅದರ ಅಲಂಕಾರದಿಂದಲೂ ಅಲ್ಲ. ನೆರಳಿರಬೇಕು, ಕೂರಲು ಜಾಗವಿರಬೇಕು, ಯಾರೋ ಇದನ್ನು ದಿನವೂ ನೋಡಿಕೊಳ್ಳುತ್ತಿದ್ದಾರೆ ಎಂಬುದು ಬಂದವರಿಗೆ ಕಾಣಬೇಕು. ಈ ಮೂರರಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಕಿಲ್ಲ. ಮೂರನೆಯದಕ್ಕೆ ಮಾತ್ರ ಬಿಡದ ಶ್ರದ್ಧೆ ಬೇಕು.

ಹಳೇಬೀಡಿನ ಹುಲ್ಲುಹಾಸಿನ ಮೇಲೆ

ದೂರದ ಉದಾಹರಣೆಗೆ ಹೋಗುವ ಮೊದಲು ನಮ್ಮ ಹಳೇಬೀಡನ್ನೇ ನೋಡೋಣ. ಹೊಯ್ಸಳರ ರಾಜಧಾನಿ ದೋರಸಮುದ್ರವಾಗಿದ್ದ ಈ ಊರಿನ ಹೊಯ್ಸಳೇಶ್ವರ ದೇವಾಲಯದ ನಿರ್ಮಾಣ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ಆರಂಭವಾಯಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು ಮತ್ತು ಸೋಮನಾಥಪುರದ ದೇವಾಲಯಗಳೊಡನೆ ಇದೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿಗೆ ಜನ ಬರುವುದು ಶಿಲ್ಪವನ್ನು ನೋಡಲು. ಆದರೆ ಬಂದವರು ಹೊತ್ತು ಕಳೆಯುವುದು ಎಲ್ಲಿ ಎಂಬುದನ್ನು ಗಮನಿಸಿದವರಿಗೆ ಬೇರೊಂದು ಸಂಗತಿ ಕಾಣುತ್ತದೆ.

ಕಳೆದ ಕಾರ್ತಿಕದ ಒಂದು ಭಾನುವಾರ ಮಧ್ಯಾಹ್ನದಿಂದ ಸಂಜೆಯವರೆಗೆ ನಾವು ಆ ಆವರಣದಲ್ಲಿ ಕುಳಿತಿದ್ದೆವು. ಗೋಡೆಯ ಶಿಲ್ಪಪಟ್ಟಿಕೆಗಳನ್ನು ಒಂದು ಸುತ್ತು ನೋಡಿ ಮುಗಿಸಿದ ಕುಟುಂಬಗಳು ಹೊರಬಾಗಿಲ ಕಡೆಗೆ ಹೋಗಲಿಲ್ಲ, ಹುಲ್ಲುಹಾಸಿಗೆ ಇಳಿದವು. ಮಕ್ಕಳು ಓಡಾಡಿದರು. ತಾಯಂದಿರು ಚಪ್ಪಲಿಯನ್ನು ಪಕ್ಕಕ್ಕಿಟ್ಟು ಮರದ ನೆರಳಿನಲ್ಲಿ ಕಾಲು ಚಾಚಿ ಕುಳಿತರು. ಬಿಸಿಲು ಸರಿದಂತೆ ಅವರೂ ನೆರಳಿನೊಡನೆ ಸರಿದರು. ದೇವಾಲಯದ ಬದಿಯ ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಊರಿನವರೇ ಆದ ಕೆಲವು ಹಿರಿಯರು ಶಿಲ್ಪಗಳ ಕಡೆಗೆ ಕಣ್ಣೆತ್ತಿಯೂ ನೋಡದೆ, ದಿನವೂ ಬರುವವರ ಸಲಿಗೆಯಲ್ಲಿ ಒಂದು ಸುತ್ತು ನಡೆದು, ಮೆಟ್ಟಿಲ ಮೇಲೆ ಕುಳಿತು ಮಾತಿಗೆ ತೊಡಗಿದರು.

ಹತ್ತಾರು ಮಂದಿಯನ್ನು ಮಾತನಾಡಿಸಿದೆವು. ಇದನ್ನು ಸಮೀಕ್ಷೆ ಎಂದು ಕರೆಯುವುದಿಲ್ಲ. ಸಂಜೆಯ ಲೋಕಾಭಿರಾಮದ ಮಾತು, ಅಷ್ಟೆ. ಇಲ್ಲಿ ಏನು ಹಿಡಿಸಿತು ಎಂದು ಕೇಳಿದಾಗ ಬಹುಪಾಲು ಮಂದಿ ಮೊದಲು ಹೇಳಿದ್ದು "ಚೊಕ್ಕಟವಾಗಿದೆ" ಎಂದು, ಆಮೇಲೆ "ತಂಪಾಗಿದೆ" ಎಂದು, ಅದಾದ ಮೇಲೆ "ಯಾರೂ ಏಳಿ ಅನ್ನೋದಿಲ್ಲ" ಎಂದು. ಅರಸೀಕೆರೆಯ ಕಡೆಯಿಂದ ಬಂದಿದ್ದ ತಾಯಿಯೊಬ್ಬರು, "ನಮ್ಮೂರಲ್ಲಿ ಇಂಥಾ ಒಂದು ಜಾಗ ಇದ್ದಿದ್ರೆ ದಿನಾ ಸಂಜೆ ಬಂದು ಕೂರ್ತಿದ್ದೆ" ಎಂದರು. ಅವರು ಬಯಸಿದ್ದು ಶಿಲ್ಪಕಲೆಯನ್ನಲ್ಲ, ಕಾರಂಜಿಯನ್ನಲ್ಲ. ಹುಲ್ಲು, ಮರ, ಕಸವಿಲ್ಲದ ನೆಲ ಮತ್ತು ಮರ್ಯಾದೆಯಿಂದ ಕೂರುವ ಅವಕಾಶ.

ಈ ತೃಪ್ತಿ ತಾನಾಗಿ ಒದಗಿದ್ದಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ತನ್ನದೇ ಆದ ತೋಟಗಾರಿಕಾ ಶಾಖೆಯಿದೆ. ಸ್ಮಾರಕಗಳ ಸುತ್ತಣ ಉದ್ಯಾನವನ್ನು ನೋಡಿಕೊಳ್ಳುವುದೇ ಅದರ ಕೆಲಸ. ಹುಲ್ಲನ್ನು ಕತ್ತರಿಸುವ, ನೀರುಣಿಸುವ, ಎಲೆ ಗುಡಿಸುವ ಕೈಗಳು ನಿತ್ಯವೂ ದುಡಿಯುತ್ತವೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ದೂರದವರೆಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಬಯಲನ್ನು ಬಯಲಾಗಿಯೇ ಉಳಿಸುವ ಕಾನೂನು, ಹಸಿರನ್ನು ಹಸಿರಾಗಿಯೇ ಉಳಿಸುವ ಕಾಯಕ — ಇವೆರಡೂ ಸೇರಿದಲ್ಲಿ ಜನರಿಗೆ ನೆಮ್ಮದಿ ಸಿಕ್ಕಿದೆ.

ಬೀಗ ಬಿದ್ದ ಉದ್ಯಾನ, ತುಂಬಿದ ಕಟ್ಟೆ

ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನೂ ಕಂಡಿದ್ದೇವೆ. ನಮ್ಮ ಸೀಮೆಯ ಒಂದು ಪಟ್ಟಣ. ಹೆಸರು ಬೇಡ, ಏಕೆಂದರೆ ಇಂತಹವು ಎಲ್ಲ ಕಡೆಗಳಲ್ಲಿಯೂ ಇವೆ. ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಬಹಳ ಖರ್ಚು ಮಾಡಿ ಉದ್ಯಾನ ನಿರ್ಮಿಸಲಾಗಿತ್ತು. ಎತ್ತರದ ಸ್ವಾಗತ ಕಮಾನು, ಉದ್ಘಾಟಕರ ಹೆಸರಿನ ಅಮೃತಶಿಲೆ, ಸಿಮೆಂಟಿನ ಜಿಂಕೆಗಳು, ಬಣ್ಣದ ದೀಪದ ಕಾರಂಜಿ, ಸುತ್ತಲೂ ಸಿಮೆಂಟ್ ಇಟ್ಟಿಗೆಯ ಹಾದಿ, ಒಂದು ಮೂಲೆಯಲ್ಲಿ ವ್ಯಾಯಾಮದ ಕಬ್ಬಿಣದ ಉಪಕರಣಗಳು. ಮರ ಮಾತ್ರ ಒಂದೂ ಇರಲಿಲ್ಲ. ಆಳೆತ್ತರಕ್ಕೆ ಬೆಳೆಯುವ ಅಲಂಕಾರದ ಗಿಡಗಳಿದ್ದವು. ಹಗಲು ಹತ್ತು ಗಂಟೆಗೆ ಕಲ್ಲುಬೆಂಚು ಕಾದ ಹೆಂಚಾಗಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾರಂಜಿ ನಿಂತಿತು, ಅದರ ತೊಟ್ಟಿಯಲ್ಲಿ ಮಳೆನೀರು ನಿಂತು ಸೊಳ್ಳೆ ಮೊಟ್ಟೆಯಿಟ್ಟಿತು. ಬೇಲಿಯ ಬದಿಯಲ್ಲಿ ಪಾರ್ಥೇನಿಯಂ ಗಿಡ ಎದೆಯುದ್ದ ಬೆಳೆಯಿತು. ಸಂಜೆಯ ಮೇಲೆ ಬರಬಾರದವರು ಬರತೊಡಗಿದರು. ಕೊನೆಗೆ ಬಾಗಿಲಿಗೆ ಬೀಗ ಬಿತ್ತು.

ಆ ಬೀಗದ ಎದುರಿಗೆ, ರಸ್ತೆಯ ಆಚೆ ಬದಿಗೆ ಒಂದು ಅರಳಿಕಟ್ಟೆಯಿದೆ. ಅರಳಿಯ ಪಕ್ಕದಲ್ಲಿ ಬೇವು, ಬುಡದಲ್ಲಿ ನಾಗರಕಲ್ಲು, ಸುತ್ತಲೂ ಸವೆದು ನುಣುಪಾದ ಚಪ್ಪಡಿ. ಅದಕ್ಕೆ ಯಾರೂ ಉದ್ಘಾಟನೆ ಮಾಡಿದ್ದಿಲ್ಲ. ನಾವು ನೋಡಿದಾಗ ಅಲ್ಲಿ ಹನ್ನೊಂದು ಮಂದಿ ಕುಳಿತಿದ್ದರು. ಇಬ್ಬರು ಪತ್ರಿಕೆ ಓದುತ್ತಿದ್ದರು. ಒಬ್ಬಾಕೆ ಸೊಪ್ಪು ಬಿಡಿಸುತ್ತಿದ್ದಳು. ಬಸ್ಸಿಗೆ ಕಾಯುವ ಹುಡುಗರಿದ್ದರು. ಶಾಲೆಯಿಂದ ಮೊಮ್ಮಗಳನ್ನು ಕರೆತಂದ ಅಜ್ಜ ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಸುಧಾರಿಸಿಕೊಳ್ಳುತ್ತಿದ್ದ. ಲಕ್ಷಗಟ್ಟಲೆ ಹಣ ನುಂಗಿದ ಜಾಗ ಬರಿದು. ಒಂದು ಮರ, ಒಂದು ಕಟ್ಟೆ ಇರುವ ಜಾಗ ಭರ್ತಿ. ಆರೋಗ್ಯದ ಪಾಠ ಈ ಎರಡರ ನಡುವಿನ ರಸ್ತೆಯಲ್ಲಿಯೇ ಇದೆ ಎಂಬುದು ನಮ್ಮ ಭಾವನೆ.

ಇದು ನಮ್ಮೂರಿನ ಅನುಭವ ಮಾತ್ರವಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ವಿಲಿಯಂ ವೈಟ್ ಎಂಬವರು ವರ್ಷಗಟ್ಟಲೆ ಕ್ಯಾಮರಾ ಇಟ್ಟು, ನಗರದ ಪುಟ್ಟ ಬಯಲುಗಳಲ್ಲಿ ಜನ ಏನು ಮಾಡುತ್ತಾರೆ ಎಂಬುದನ್ನು ಗಮನಿಸಿದರು. ಕೆಲವು ಬಯಲುಗಳು ತುಂಬಿ ತುಳುಕುತ್ತಿದ್ದವು, ಕೆಲವು ಭಣಗುಡುತ್ತಿದ್ದವು. ಆಕಾರ, ವಿಸ್ತಾರ, ಅಂದಚಂದಗಳನ್ನೆಲ್ಲ ಅಳೆದು ನೋಡಿದ ಮೇಲೆ ಅವರಿಗೆ ಹೊಳೆದ ಸತ್ಯ ನಗು ಬರುವಷ್ಟು ಸರಳವಾಗಿತ್ತು: ಕೂರಲು ಎಲ್ಲಿ ಅನುಕೂಲವಿದೆಯೋ ಅಲ್ಲಿ ಜನ ಕೂರುತ್ತಾರೆ. 1980ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ. ಒಂದು ತಾಣದಲ್ಲಿ ಹೆಂಗಸರ ಸಂಖ್ಯೆ ಹೆಚ್ಚಾಗಿದ್ದರೆ ಅದು ಚೆನ್ನಾಗಿ ನಡೆಯುತ್ತಿರುವ ತಾಣವೆಂದೇ ತಿಳಿಯಬೇಕು; ಏಕೆಂದರೆ ಎಲ್ಲಿ ಕೂರಬೇಕೆಂಬುದನ್ನು ಹೆಂಗಸರು ಹೆಚ್ಚು ಎಚ್ಚರದಿಂದ ಆರಿಸಿಕೊಳ್ಳುತ್ತಾರೆ. ನಮ್ಮ ಪಟ್ಟಣಗಳ ಉದ್ಯಾನಗಳಿಗೆ ಈ ಒರೆಗಲ್ಲು ಹಚ್ಚಿ ನೋಡಿದರೆ ತಲೆ ತಗ್ಗಿಸಬೇಕಾದೀತು.

ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಪುಟ್ಟ ಹಸಿರು ತಾಣಗಳನ್ನೇ ಕುರಿತು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ಅಂತಹ ತಾಣಗಳಿಗೆ ಜನ ಬರುವುದು ಮುಖ್ಯವಾಗಿ ಎರಡು ಕಾರಣಗಳಿಗೆ: ನಾಲ್ಕು ಜನರೊಡನೆ ಬೆರೆಯಲು ಮತ್ತು ದಣಿವಾರಿಸಿಕೊಳ್ಳಲು. ಅಂದರೆ ಅರಳಿಕಟ್ಟೆಗೆ ನಮ್ಮ ಹಿರಿಯರು ಯಾವುದಕ್ಕೆ ಹೋಗುತ್ತಿದ್ದರೋ ಅದಕ್ಕೇ.

ದೇಹಕ್ಕೆ ಆಗುವುದೇನು?

ನೆರಳಿನಲ್ಲಿ ಕೂರುವುದು ಸೋಮಾರಿತನವಲ್ಲವೇ, ಆರೋಗ್ಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ವೈದ್ಯವಿಜ್ಞಾನ ಈ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. ರೋಜರ್ ಉಲ್ರಿಚ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧ ಮಂದಿಯ ಕಿಟಕಿಯಾಚೆ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಬೇಗ ಮನೆಗೆ ಮರಳಿದರು, ಅವರಿಗೆ ತೀವ್ರವಾದ ನೋವುನಿವಾರಕಗಳು ಕಡಿಮೆ ಸಾಕಾದವು. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷಗಳಷ್ಟಾದರೂ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಹೇಳುವ ಸಂಭವ ಹೆಚ್ಚೆಂದು ಕಂಡುಬಂತು. ಒಮ್ಮೆಲೇ ಎರಡು ಗಂಟೆ ಕಳೆದರೂ ಒಂದೇ, ಹಲವು ಸಲ ಸ್ವಲ್ಪ ಸ್ವಲ್ಪ ಕಳೆದರೂ ಒಂದೇ. ಆರೋಗ್ಯವಂತರೇ ಹೊರಗೆ ಹೆಚ್ಚು ತಿರುಗಾಡುತ್ತಾರೆಂಬ ಕಾರಣವೂ ಇದರಲ್ಲಿ ಸೇರಿರಬಹುದು. ಆದುದರಿಂದ ಹಸಿರೊಂದೇ ಔಷಧವೆಂದು ನಾವು ಹೇಳುವುದಿಲ್ಲ. ಗುಳಿಗೆ ಬಿಟ್ಟು ಮರದಡಿ ಕುಳಿತರೆ ಸಕ್ಕರೆ ಇಳಿಯುತ್ತದೆಂದು ಯಾರೂ ತಿಳಿಯಬಾರದು.

ಆದರೂ ಒಂದು ಸಂಗತಿ ಸ್ಪಷ್ಟ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೂ ರಕ್ತದಲ್ಲಿನ ಸಕ್ಕರೆ ಏರುವುದು ತಗ್ಗುತ್ತದೆ. ಆ ನಡಿಗೆ ಇಂದು, ನಾಳೆ, ನಾಡಿದ್ದು ತಪ್ಪದೆ ನಡೆಯಬೇಕಾದರೆ ಅದು ಮನಸ್ಸಿಗೆ ಹಿಡಿಸುವ ಜಾಗದಲ್ಲಿ ನಡೆಯಬೇಕು. ಹಿಡಿಸದ ಜಾಗಕ್ಕೆ ವೈದ್ಯರ ಭಯದಿಂದ ಎಂಟು ದಿನ ಹೋದೇವು, ಒಂಬತ್ತನೆಯ ದಿನ ಹೋಗೆವು. ಉದ್ಯಾನಕ್ಕೆ ಬಂದವರ ತೃಪ್ತಿ ಎಂಬುದು ಕೇವಲ ಸುಖದ ಮಾತಲ್ಲ, ಚಿಕಿತ್ಸೆ ಮುಂದುವರಿಯುವುದೇ ಇಲ್ಲವೇ ಎಂಬ ಮಾತು.

ಇನ್ನು ಮನಸ್ಸಿನ ವಿಚಾರ. ಅಂಗೈಯಲ್ಲಿನ ಪರದೆಯಾಗಲಿ, ವಾಹನಗಳ ಸದ್ದಾಗಲಿ ನಮ್ಮ ಗಮನವನ್ನು ಕಸಿದುಕೊಳ್ಳುತ್ತವೆ. ಅಲುಗುವ ಎಲೆ, ಕೊಂಬೆಯ ಮೇಲಿನ ಅಳಿಲು, ಕೆರೆಯ ನೀರಿನ ಮೇಲಿನ ಬೆಳಕು ಗಮನವನ್ನು ಕರೆಯುತ್ತವೆ, ಕಸಿಯುವುದಿಲ್ಲ. ಹೀಗೆ ಆಯಾಸವಿಲ್ಲದೆ ನೋಡುವುದರಿಂದ ದಣಿದ ಮನಸ್ಸು ಚೇತರಿಸಿಕೊಳ್ಳುತ್ತದೆಂದು ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿಗಳು ವಿವರಿಸಿದ್ದಾರೆ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ ಉಳಿದಿರುವ ಹಿರಿಯರಿಗೆ ಇದರ ಜೊತೆಗೆ ಇನ್ನೊಂದು ಲಾಭವೂ ಉಂಟು. ಕಟ್ಟೆಯ ಮೇಲೆ ದಿನವೂ ಕಾಣುವ ಮುಖ ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಯಾರಾದರೂ ಮನೆಯ ಬಾಗಿಲು ತಟ್ಟುತ್ತಾರೆ.

ನಮ್ಮಲ್ಲಿ ಇದ್ದುದು, ನಾವು ಕಳೆದುಕೊಂಡದ್ದು

ಮನೆಯಿಂದ ಸುಮಾರು 300 ಮೀಟರು ದೂರದೊಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಹಸಿರು ತಾಣವೊಂದು ಸಿಗುವಂತಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪಿನ ವಿಭಾಗ ಸಲಹೆ ನೀಡಿದೆ. ನಮ್ಮ ಹಳೆಯ ಊರುಗಳಿಗೆ ಇದು ಹೊಸ ಮಾತೇನೂ ಅಲ್ಲ. ಊರ ನಡುವೆ ಅರಳಿಕಟ್ಟೆ, ಊರ ಅಂಚಿನಲ್ಲಿ ಮಾವು, ಹುಣಸೆ, ನೇರಳೆ, ಹೊಂಗೆಗಳ ಗುಂಡುತೋಪು, ಅದರಾಚೆ ಕೆರೆಯ ಏರಿ. ಮೂರೂ ಊರೊಟ್ಟಿನ ಸ್ವತ್ತು. ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ದೋರಸಮುದ್ರದ ಹೆಸರಿನಲ್ಲಿ ಸಮುದ್ರವೇ ಇದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನು ಶಿವಪೂಜೆಯಷ್ಟೇ ದೊಡ್ಡದೆಂದು ಕಂಡವರು. ಇಂದಿನ ಸೊಲ್ಲಾಪುರ ನಗರದ ನಡುವೆ ಆ ಕೆರೆ ಇಂದಿಗೂ ಜನರ ಕಣ್ಣಿಗೆ ತಂಪು ನೀಡುತ್ತಿದೆ.

ಈಗಿನ ಸ್ಥಿತಿಯನ್ನು ಹೇಳಬೇಕಾಗಿಲ್ಲ. ಗುಂಡುತೋಪುಗಳು ಎಷ್ಟೋ ಕಡೆ ಕಂದಾಯ ದಾಖಲೆಯಲ್ಲಿ ಮಾತ್ರ ಉಳಿದಿವೆ. ಪಾರ್ಕಿಗೆ ಬಿಟ್ಟ ಜಾಗದಲ್ಲಿ ಸಮುದಾಯ ಭವನವೋ ನೀರಿನ ಟ್ಯಾಂಕೋ ಎದ್ದಿರುತ್ತದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಉಳಿಸಲೆಂದೇ ನಮ್ಮ ರಾಜ್ಯದಲ್ಲಿ 1985ರಿಂದ ಒಂದು ಕಾಯಿದೆ ಇದೆ ಎಂಬುದನ್ನು ಎಷ್ಟು ಮಂದಿ ಬಲ್ಲರು? ಬಡಾವಣೆಯ ನಕ್ಷೆಯನ್ನು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಕೇಳಿ ನೋಡುವ ಹಕ್ಕು ನಾಗರಿಕರಿಗಿದೆ. ನಿಮ್ಮ ಬೀದಿಯ ಹಸಿರಿಗೆಂದು ಗುರುತಿಸಿದ ಜಾಗ ಎಲ್ಲಿದೆ ಎಂಬುದನ್ನು ತಿಳಿದುಕೊಳ್ಳುವುದೂ ಆರೋಗ್ಯ ರಕ್ಷಣೆಯ ಒಂದು ಭಾಗವೆಂದು ನಾವು ತಿಳಿಯುತ್ತೇವೆ.

ಮೊದಲು ನಮ್ಮ ಅಂಗಳ

ಬೇರೆಯವರತ್ತ ಬೆರಳು ತೋರುವ ಮೊದಲು ನಮ್ಮತ್ತ ನೋಡಿಕೊಳ್ಳುವುದು ಧರ್ಮ. ಮಠಗಳ, ದೇವಾಲಯಗಳ ಅಂಗಳಗಳಲ್ಲಿ ಈ ಇಪ್ಪತ್ತು ವರ್ಷಗಳಲ್ಲಿ ಏನಾಗಿದೆ? ಮಣ್ಣಿನ ನೆಲಕ್ಕೆ ಸಿಮೆಂಟ್ ಇಟ್ಟಿಗೆ ಬಂದಿದೆ. ವಾಹನ ನಿಲ್ಲಿಸಲು ಅಡ್ಡವೆಂದು, ಎಲೆ ಉದುರಿ ಕಸವಾಗುತ್ತದೆಂದು, ಬೇರು ಗೋಡೆಗೆ ಬರುತ್ತದೆಂದು ಮರಗಳು ಹೋಗಿವೆ. ಅವುಗಳ ಜಾಗದಲ್ಲಿ ತಗಡಿನ ಚಪ್ಪರ ಬಂದಿದೆ. ಜಾತ್ರೆಯ ದಿನ ಬರಿಗಾಲಿನ ಭಕ್ತರು ಕಾದ ನೆಲದ ಮೇಲೆ ಹೆಜ್ಜೆಯೂರಲಾರದೆ ಓಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಪಾದದ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳಿಗಾದರೋ ಕಾಲು ಸುಟ್ಟಿದ್ದೂ ತಿಳಿಯುವುದಿಲ್ಲ. ಆ ಬೊಬ್ಬೆ ಹುಣ್ಣಾಗಿ ಎಷ್ಟು ದೂರ ಹೋಗುತ್ತದೆಂಬುದನ್ನು ಬಲ್ಲವರೇ ಬಲ್ಲರು. ನೆಲಕ್ಕೆ ಹಾಸುವ ಮುನ್ನ ಇದನ್ನು ಯೋಚಿಸಿದವರು ಯಾರು? ನಾವೂ ಯೋಚಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಭಕ್ತರ ಕಾಣಿಕೆಯ ಸ್ವರೂಪವೂ ಇದಕ್ಕೆ ಸೇರಿಕೊಂಡಿದೆ. ತಂದೆತಾಯಿಗಳ ಸ್ಮರಣೆಗೆಂದು ಕಮಾನು ಕಟ್ಟಿಸುವವರು, ಕೊಠಡಿ ಕಟ್ಟಿಸಿ ಹೆಸರು ಕೆತ್ತಿಸುವವರು ಬಹಳ ಮಂದಿ. ಆ ಭಕ್ತಿಯನ್ನು ನಾವು ಕಿರಿದು ಮಾಡುವುದಿಲ್ಲ. ಆದರೆ ಇಂತಹುದೇ ಸ್ಮರಣೆ ಬೇರೊಂದು ನಾಡಿನಲ್ಲಿ ಯಾವ ರೂಪ ತಾಳಿತೆಂಬುದನ್ನು ಕೇಳಿ. ನ್ಯೂಯಾರ್ಕಿನ ಮುಗಿಲೆತ್ತರದ ಕಟ್ಟಡಗಳ ನಡುವೆ ಪೇಲಿ ಪಾರ್ಕ್ ಎಂಬ ಪುಟ್ಟ ಉದ್ಯಾನವಿದೆ. ವಿಲಿಯಂ ಪೇಲಿ ಎಂಬ ಶ್ರೀಮಂತರು ತಮ್ಮ ತಂದೆಯ ನೆನಪಿಗೆ ಅದನ್ನು ಮಾಡಿಸಿ 1967ರಲ್ಲಿ ಜನರಿಗೆ ತೆರೆದರು. ಅದರ ವಿಸ್ತೀರ್ಣ ಸುಮಾರು 4,200 ಚದರಡಿ; ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆಗೂ ತುಸು ಕಡಿಮೆ. ಅಲ್ಲಿರುವುದು ತೆಳುನೆರಳಿನ ಕೆಲವು ಮರಗಳು, ರಸ್ತೆಯ ಸದ್ದನ್ನು ಮುಚ್ಚುವ ಒಂದು ನೀರಿನ ಗೋಡೆ, ಬೇಕಾದ ಕಡೆಗೆ ಎಳೆದುಕೊಂಡು ಕೂರಬಹುದಾದ ಕುರ್ಚಿಗಳು. ಇಷ್ಟೇ. ಅರ್ಧ ಶತಮಾನ ಕಳೆದರೂ ಪುಟ್ಟ ಉದ್ಯಾನ ಹೇಗಿರಬೇಕೆಂಬುದಕ್ಕೆ ಜಗತ್ತು ಅದನ್ನೇ ತೋರಿಸುತ್ತದೆ. ನಾಲ್ಕು ಗುಂಟೆಯಲ್ಲಿ ಒಬ್ಬ ತಂದೆಯ ಹೆಸರು ಉಳಿದಿದೆ.

ನಾಲ್ಕು ಗುಂಟೆ ಜಾಗವಿಲ್ಲದ ಮಠ, ದೇವಾಲಯ, ಶಾಲೆ ನಮ್ಮ ಸೀಮೆಯಲ್ಲಿ ಅಪರೂಪ. ಆದುದರಿಂದ ನಮ್ಮ ಸೂಚನೆ ಇಷ್ಟು. ಹಿರಿಯರ ಸ್ಮರಣೆಗೆ ಕಾಣಿಕೆ ಕೊಡಬಯಸುವವರು ಒಂದು ಮರವನ್ನೂ, ಅದರ ಕೆಳಗೆ ಒರಗು ಇರುವ ಒಂದು ಬೆಂಚನ್ನೂ, ಮೂರು ಬೇಸಿಗೆ ಆ ಮರಕ್ಕೆ ನೀರುಣಿಸುವ ಹೊಣೆಯನ್ನೂ ಕೊಡಲಿ. ಮೂರನೆಯದು ಇಲ್ಲದಿದ್ದರೆ ಮೊದಲೆರಡು ಬೇಡ. ಸಸಿ ನೆಡುವ ದಿನ ಛಾಯಾಚಿತ್ರಕ್ಕೆ ನಿಲ್ಲುವ ಕೈಗಳು ಹೇರಳ. ಮಾರ್ಚ್ ತಿಂಗಳಲ್ಲಿ ಬಿಂದಿಗೆ ಹಿಡಿಯುವ ಕೈ ವಿರಳ. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಹುಲಿಕಲ್ಲು–ಕುದೂರು ರಸ್ತೆಯ ಬದಿಯಲ್ಲಿ ಬೆಳೆಸಿದ ಆಲದ ಮರಗಳನ್ನು ನಾಡು ಕೊಂಡಾಡುತ್ತದೆ. ಅವರು ನೆಟ್ಟರೆಂಬುದಷ್ಟೇ ಅದರ ಹಿರಿಮೆಯಲ್ಲ. ಸಸಿಗಳಿಗಾಗಿ ದೂರದಿಂದ ನೀರು ಹೊತ್ತರು, ದನಕರು ಮೇಯದಂತೆ ಮುಳ್ಳು ಕಟ್ಟಿದರು.

ಆಕ್ಷೇಪಗಳಿಗೆ ಉತ್ತರ

ಅರಸೀಕೆರೆಯ ಕಡೆಯವರು ಕೇಳಬಹುದು: ಕುಡಿಯುವ ನೀರಿಗೇ ಬವಣೆಯಿರುವಾಗ ಉದ್ಯಾನಕ್ಕೆ ನೀರೆಲ್ಲಿಂದ? ನ್ಯಾಯವಾದ ಪ್ರಶ್ನೆ. ಮಳೆ ಕಡಿಮೆಯಾದ ಸೀಮೆಗೆ ಹುಲ್ಲುಹಾಸು ತಕ್ಕುದಲ್ಲ. ಅದು ದಿನವೂ ನೀರು ಬೇಡುತ್ತದೆ. ಹೊಂಗೆ ಮತ್ತು ಬೇವು ಅಲ್ಲಿಗೆ ತಕ್ಕ ಮರಗಳು. ಬೇರೂರಿದ ಮೇಲೆ ಅವುಗಳಿಗೆ ಹೆಚ್ಚು ನೀರು ಬೇಡ, ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತವೆ. ಮಲೆನಾಡಿಗೆ ಹತ್ತಿರವಾದ ಬೇಲೂರಿನ ಕಡೆಗೆ ನೇರಳೆ, ಸಂಪಿಗೆ, ಹಲಸುಗಳನ್ನು ಯೋಚಿಸಬಹುದು. ಅರಳಿಗೆ ಮಾತ್ರ ಗೋಡೆಯಿಂದ ದೂರ, ವಿಶಾಲವಾದ ಜಾಗ ಕೊಡಬೇಕು. ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ನೆಟ್ಟರೆ ನೀರಿನ ಹೊರೆ ಕಡಿಮೆಯಾಗುತ್ತದೆ.

ಇನ್ನೊಂದು ಆಕ್ಷೇಪ: ಜಾಗ ಮಾಡಿಕೊಟ್ಟರೆ ಕುಡುಕರು, ಪೋಲಿಗಳು ಸೇರುತ್ತಾರೆ. ನಾವು ಕಂಡಂತೆ ಅವರು ಸೇರುವುದು ಯಾರೂ ಬಾರದ ಜಾಗದಲ್ಲಿ. ಬೆಳಗ್ಗೆ ಹಿರಿಯರು, ಹಗಲು ತಾಯಂದಿರು, ಸಂಜೆ ಮಕ್ಕಳು ತುಂಬಿರುವ ಕಟ್ಟೆಯ ಮೇಲೆ ಸೀಸೆ ತೆರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಎತ್ತರದ ಗೋಡೆಗಿಂತ ರಸ್ತೆಯಿಂದ ಒಳಗೆ ಕಾಣುವ ತಗ್ಗಾದ ಬೇಲಿಯೇ ಹೆಚ್ಚು ರಕ್ಷಣೆ. ಒಂದು ದೀಪ, ಕುಡಿಯುವ ನೀರು, ಸಮೀಪದಲ್ಲಿ ಒಂದು ಚೊಕ್ಕಟವಾದ ಶೌಚಾಲಯ — ಈ ಮೂರು ಇದ್ದರೆ ಹೆಂಗಸರು ಬರುತ್ತಾರೆ. ಹೆಂಗಸರು ಬಂದರೆ ಊರೇ ಬರುತ್ತದೆ.

ಇನ್ನು ನಡೆಯುವವರಿಗೆ ಕೆಲವು ಎಚ್ಚರಿಕೆಯ ಮಾತುಗಳು. ಮಧುಮೇಹಿಗಳು ಹುಲ್ಲಿನ ಮೇಲೆಯೂ ಬರಿಗಾಲಿನಲ್ಲಿ ನಡೆಯಬಾರದು. ಅಂಗಾಲನ್ನು ಪ್ರತಿರಾತ್ರಿ ನೋಡಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲದ ಚೂರನ್ನೋ ಇಟ್ಟುಕೊಂಡಿರಬೇಕು. ನಡೆಯುವಾಗ ಎದೆ ಬಿಗಿದರೆ, ಎಡ ತೋಳಿಗೆ ನೋವು ಇಳಿದರೆ ತಕ್ಷಣ ಕುಳಿತು ಪಕ್ಕದವರನ್ನು ಕರೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪಾರ್ಥೇನಿಯಂ ಗಿಡವನ್ನು ಬರಿಗೈಯಿಂದ ಕೀಳಬಾರದು. ಚರ್ಮದ ಅಲರ್ಜಿ, ಉಬ್ಬಸ ಎರಡಕ್ಕೂ ಅದು ಕಾರಣವಾಗುತ್ತದೆ. ಅದನ್ನು ಹೂವಾಗುವ ಮುನ್ನವೇ ಕೈಗವಸು ತೊಟ್ಟು ಕಿತ್ತುಹಾಕಬೇಕು. ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಬೇಕು; ಡೆಂಗಿ ಹರಡುವ ಸೊಳ್ಳೆ ಹುಟ್ಟುವುದು ಅಲ್ಲಿಯೇ.

ಕೊನೆಯದಾಗಿ ಭಕ್ತಬಾಂಧವರಲ್ಲಿ ಒಂದು ಬಿನ್ನಹ. ಈ ವಾರ ಒಂದು ಸಂಜೆ ಬಿಡುವು ಮಾಡಿಕೊಂಡು, ಮನೆಯಲ್ಲಿರುವ ಹಿರಿಯರನ್ನು ಕೈಹಿಡಿದು ಹತ್ತಿರದ ಉದ್ಯಾನಕ್ಕೋ ಕಟ್ಟೆಗೋ ಮಠದ ಅಂಗಳಕ್ಕೋ ಕರೆದುಕೊಂಡು ಹೋಗಿ. ದಾರಿಯಲ್ಲಿ ಅವರು ಎಲ್ಲಿ ಎಡವಿದರು, ಎಲ್ಲಿ ನಿಂತರು, ಕೂರಲು ಎಲ್ಲಿ ಹುಡುಕಿದರು, ಎಲ್ಲಿ ಸುಮ್ಮನೆ ಕುಳಿತು ಏಳಲು ಮನಸ್ಸು ಮಾಡಲಿಲ್ಲ ಎಂಬುದನ್ನು ಗಮನಿಸಿ. ನಿಮ್ಮ ಊರಿಗೆ ಬೇಕಾದುದೇನೆಂದು ಅವರ ಕಾಲುಗಳೇ ಹೇಳುತ್ತವೆ. ಅದನ್ನು ಒಂದು ಹಾಳೆಯ ಮೇಲೆ ಬರೆದು ನಿಮ್ಮ ವಾರ್ಡಿನ ಸದಸ್ಯರಿಗೆ ಒಂದು ಪ್ರತಿ ಕೊಡಿ, ಮಠದ ಕಚೇರಿಗೆ ಇನ್ನೊಂದು ಪ್ರತಿ ಕೊಡಿ. ನಮ್ಮ ಅಂಗಳದ ತಪ್ಪುಗಳನ್ನೂ ಅದರಲ್ಲಿ ಸಂಕೋಚವಿಲ್ಲದೆ ಬರೆಯಿರಿ.

ಹಳೇಬೀಡಿನ ಹುಲ್ಲುಹಾಸಿನ ಮೇಲೆ ಕುಳಿತಿದ್ದ ಅರಸೀಕೆರೆಯ ತಾಯಿ ಆ ಸಂಜೆ ಬಸ್ಸಿನ ಹೊತ್ತಾಯಿತೆಂದು ಎದ್ದರು. ಎದ್ದವರು ಬರುವಾಗ ಇದ್ದುದಕ್ಕಿಂತ ಹಗುರಾಗಿದ್ದಾರೆಂಬುದು ನಡಿಗೆಯಲ್ಲಿಯೇ ಕಾಣುತ್ತಿತ್ತು. ಆ ಹಗುರಕ್ಕಾಗಿ ಅವರು ಬಸ್ಸು ಹತ್ತಿ ಅಷ್ಟು ದೂರ ಬರಬೇಕಾಯಿತು. ಅವರ ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿ ಅದು ಸಿಗುವಂತೆ ಮಾಡುವುದೂ ದಾಸೋಹವೇ ಎಂದು ನಾವು ನಂಬಿದ್ದೇವೆ.